ಕೆರೆ ನೀರಲ್ಲಿ ಹೂಮರದ ಪ್ರತಿಬಿಂಬ ಬಿಡಿಸಿದರೆ ಯಾಕೆ ಸಹಜವಾಗಿ ಕಾಣಲ್ಲ?

ಮರಕ್ಕೆ ಹಚ್ಚಿದ ಬಣ್ಣವನ್ನೇ ಕೆಳಗೂ ಹಾಗೇ ಹಚ್ಚುತ್ತೀರಿ, ತಪ್ಪು ಅಲ್ಲೇ ಇರೋದು. ನೀರಿನಲ್ಲಿ ತಿಳಿ ಬಣ್ಣ ಸ್ವಲ್ಪ ಮಂಕಾಗಿ, ಗಾಢ ಬಣ್ಣ ಸ್ವಲ್ಪ ತಿಳಿಯಾಗಿ ಕಾಣುತ್ತದೆ. ಬೆಂಗಳೂರಿನ ಕೆರೆ ದಂಡೆಗಳಲ್ಲಿ ಟಬೂಬಿಯಾ ಮರ ಗುಲಾಬಿ ಬಣ್ಣದ ಹೂ ಬಿಟ್ಟಿರುತ್ತದಲ್ವಾ, ಅದನ್ನು ಜಲವರ್ಣದಲ್ಲಿ ಬಿಡಿಸುವಾಗ ನಾನು ನೀರಿನ ಭಾಗವನ್ನು ಮೊದಲು ಪೂರ್ತಿ ಒದ್ದೆ ಮಾಡಿ, ಗುಲಾಬಿಗೆ ಚೂರೇ ಚೂರು ಹಸಿರು ಬೆರೆಸಿ, ಬ್ರಷ್ಷನ್ನು ಮೇಲಿಂದ ಕೆಳಕ್ಕೆ ಎಳೆಯುತ್ತೇನೆ. ಅಂಚು ತಾನಾಗೇ ಹರಡುತ್ತದೆ. ಪ್ರತಿಬಿಂಬ ಮರದ ನೇರ ಕೆಳಗೇ ಇಳಿಯಬೇಕು, ನೆರಳಿನ ಹಾಗೆ ಪಕ್ಕಕ್ಕೆ ಓಡಬಾರದು. ಒಣಗಿದ ಮೇಲೆ ಒದ್ದೆ ಬ್ರಷ್ಷಿನಿಂದ ಅಡ್ಡಡ್ಡ ಎರಡು ಗೆರೆಯಷ್ಟು ಬಣ್ಣ ಎತ್ತಿ, ಸಾಕು. ಜಾಸ್ತಿ ಅಲೆ ಬಿಡಿಸಿದರೆ ಅದು ಚಾಪೆ ಆಗುತ್ತದೆ! ಫ್ರಾನ್ಸಿನ ಚಿತ್ರಕಾರ ಮೋನೆ 1891ರಲ್ಲಿ ಎಪ್ಟ್ ನದಿಯಲ್ಲಿ ದೋಣಿ ಮೇಲೆ ಕೂತು ಬಿಡಿಸಿದ ಪಾಪ್ಲರ್ ಮರಗಳ ಚಿತ್ರಗಳನ್ನೂ ಒಮ್ಮೆ ನೋಡಿ.