ಆನೆಯ ಸೊಂಡಿಲು ಎಲ್ಲಿ ಹೋಯಿತು?

ದಾವಣಗೆರೆಯ ಓದುಗರೊಬ್ಬರ ಪತ್ರ: "ಅಜ್ಜಿಯ ಎಲೆಅಡಿಕೆ ಡಬ್ಬಿಯಲ್ಲಿ ಟಿಪ್ಪು ಕಾಲದ ತಾಮ್ರದ ಕಾಸು ಸಿಕ್ಕಿದೆ. ಆನೆ ಇದೆ, ಸೊಂಡಿಲಿಲ್ಲ. ಮಿಸ್‌ಪ್ರಿಂಟ್ ಆದ ನಾಣ್ಯಕ್ಕೆ ಲಕ್ಷ ಬರುತ್ತಂತೆ, ನಿಜವಾ? ಚಿತ್ರದುರ್ಗದ ಟಂಕಸಾಲೆಯಲ್ಲಿ ಎಂಥ ಮೆಷಿನ್ ಇತ್ತು?"

ಮೊದಲು ಬೇಜಾರಿನ ಸುದ್ದಿ. ಲಕ್ಷದ ಆಸೆ ಬಿಡಿ. ಸೊಂಡಿಲು, ಬಾಲ, ಕಾಲು ಹೀಗೆ ಏನೋ ಒಂದು ಇಲ್ಲದ ಆನೆಗಳೇ ಜಾಸ್ತಿ. ಮೆಷಿನ್ ಇರಲಿಲ್ಲ ಸ್ವಾಮಿ, ಸುತ್ತಿಗೆ ಇತ್ತು. ಕೆಳಗಿನ ಅಚ್ಚನ್ನು ಗಟ್ಟಿಯಾಗಿ ಹೂತಿಟ್ಟು, ಅದರ ಮೇಲೆ ತಾಮ್ರದ ಬಿಲ್ಲೆ ಇಟ್ಟು, ಮೇಲಿನ ಅಚ್ಚನ್ನು ಕೈಯಲ್ಲಿ ಹಿಡಿದು ಒಂದೇಟು ಹಾಕುತ್ತಿದ್ದರು. ಎಷ್ಟೋ ಸಲ ಅಚ್ಚು ಬಿಲ್ಲೆಗಿಂತ ದೊಡ್ಡದು. ಬಿಲ್ಲೆ ಸ್ವಲ್ಪ ಸರಿದರೆ ಸೊಂಡಿಲು ಹೊರಗೇ ಉಳಿಯಿತು, ಅಷ್ಟೇ. ತೂಕ ಸರಿ ಇದ್ದರೆ ಸಂತೆಯಲ್ಲಿ ಸೊಂಡಿಲು ಯಾರು ಕೇಳುತ್ತಾರೆ?

ಯುರೋಪಿನಲ್ಲಿ 16ನೇ ಶತಮಾನದಲ್ಲೇ ತಿರುಪಿನ ಪ್ರೆಸ್ ಬಂದಿತ್ತು. ದಪ್ಪ ತಿರುಪು, ಅದರ ತಲೆಗೆ ಉದ್ದದ ತೋಳು, ಎರಡೂ ಕಡೆ ಆಳುಗಳು ಜಗ್ಗಿ ತಿರುಗಿಸಬೇಕು. ಆ ಆಳುಗಳ ಕೆಲಸವನ್ನು ಉಗಿಗೆ ಕೊಟ್ಟವನು ಜೇಮ್ಸ್ ವಾಟ್‌ನ ಪಾಲುದಾರ ಮ್ಯಾಥ್ಯೂ ಬೌಲ್ಟನ್, 1788ರಲ್ಲಿ, ಬರ್ಮಿಂಗ್‌ಹ್ಯಾಮಿನ ಸೋಹೋದಲ್ಲಿ. ಬಿಲ್ಲೆಯ ಸುತ್ತ ಉಕ್ಕಿನ ಬಳೆ ಇಟ್ಟು ಒತ್ತಿದ್ದರಿಂದ ನಾಣ್ಯ ಅಳತೆ ತಪ್ಪದೆ ದುಂಡಗೆ ಬಂತು. ಮದ್ರಾಸಿನ ಕಂಪನಿ ಸರ್ಕಾರ 1803 ಮತ್ತು 1808ರ ತಾಮ್ರದ ಕಾಸುಗಳನ್ನು ಅಲ್ಲಿಂದಲೇ ಹಡಗಿನಲ್ಲಿ ತರಿಸಿತು. ಅಂಥ ಒಂದು ಹಡಗು, ಅಡ್ಮಿರಲ್ ಗಾರ್ಡ್ನರ್, 1809ರಲ್ಲಿ ಇಂಗ್ಲೆಂಡಿನ ದಡ ದಾಟುವ ಮೊದಲೇ ಮುಳುಗಿತು. ಆ ನಾಣ್ಯಗಳನ್ನು 1980ರ ದಶಕದಲ್ಲಿ ಎತ್ತಿ ಮಾರಿದ್ದಾರೆ. ನೀರು ಕುಡಿದ ತಾಮ್ರವಾದರೂ ಅಂಚು ಇನ್ನೂ ದುಂಡಗಿದೆ. ನನ್ನ ಕಣ್ಣಿಗೆ ಮಾತ್ರ ನಿಮ್ಮ ಸೊಂಡಿಲಿಲ್ಲದ ಆನೆಯೇ ಚೆಂದ.

ಈಗ ನಾಣ್ಯ ತಿರುಗಿಸಿ. ಹಿಂದೆ ಪಾರ್ಸಿ ಅಕ್ಷರದಲ್ಲಿ 'ಜರ್ಬ್' ಎಂಬ ಮಾತು, ಜೊತೆಗೆ ಟಂಕಸಾಲೆಯ ಊರಿನ ಹೆಸರು ಇರುತ್ತದೆ. ಜರ್ಬ್ ಅಂದರೆ ಏಟು, ಹೊಡೆತ. ಹೇಗೆ ಮಾಡಿದರು ಅಂತ ನಾಣ್ಯವೇ ಹೇಳುತ್ತಿದೆ, ಅಲ್ವಾ? ಈಗಿನ ರೂಪಾಯಿಯಲ್ಲಿ ಇಸವಿಯ ಕೆಳಗೆ ಚುಕ್ಕಿ ಇದ್ದರೆ ನೋಯ್ಡಾ, ನಕ್ಷತ್ರ ಇದ್ದರೆ ಹೈದರಾಬಾದ್, ಏನೂ ಇಲ್ಲದಿದ್ದರೆ ಕೋಲ್ಕತ್ತ. ಆಗ ಊರಿನ ಹೆಸರನ್ನೇ ಒತ್ತುತ್ತಿದ್ದರು. ದುರ್ಗ 1779ರಲ್ಲಿ ಹೈದರಾಲಿಯ ಕೈ ಸೇರಿತು. ಆಮೇಲೆ ಟಿಪ್ಪು ಅದಕ್ಕೆ ಇಟ್ಟ ಹೆಸರು ಫರ್ರುಖ್‌ಯಾಬ್ ಹಿಸಾರ್. ಪಾರ್ಸಿ ಬಲ್ಲವರಿಗೆ ತೋರಿಸಿ. ಅದೇ ಹೆಸರಿದ್ದರೆ ನಿಮ್ಮ ಕಾಸು ದುರ್ಗದಲ್ಲೇ ಏಟು ತಿಂದದ್ದು.

ಹುಣಸೆಹಣ್ಣು ಹಾಕಿ ಮಾತ್ರ ಉಜ್ಜಬೇಡಿ. ಇರುವ ಅಕ್ಷರವೂ ಹೋಗುತ್ತದೆ. ಕಾಗದ ಇಟ್ಟು ಮೇಲೆ ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಕಳಿಸಿ, ನಾವೂ ನೋಡೋಣ.