ಬಾಂಬ್ ನಿಷ್ಕ್ರಿಯ ದಳದವರು ನಿಜವಾದ ಬಾಂಬ್ ಇಟ್ಟುಕೊಂಡೇ ಅಭ್ಯಾಸ ಮಾಡುತ್ತಾರಾ?

ಶುರುವಿನಲ್ಲಿ ಇಲ್ಲ. ಹೆಚ್ಚಿನ ಅಭ್ಯಾಸ ಡಮ್ಮಿಗಳ ಮೇಲೆಯೇ. ಬ್ಯಾಟರಿ, ವೈರು, ಸ್ವಿಚ್ಚು ಎಲ್ಲ ಅಸಲಿ, ಸ್ಫೋಟಕದ ಜಾಗದಲ್ಲಿ ಮಾತ್ರ ಬಲ್ಬೋ ಬಜರೋ ಇರುತ್ತದೆ. ಕೈ ತಪ್ಪಿದರೆ ಬಜರ್ ಕೂಗುತ್ತದೆ. ಮತ್ತೆ ಮೊದಲಿನಿಂದ ಶುರು ಮಾಡಬೇಕು. ನಿಜವಾದ ಮದ್ದುಗುಂಡು ಬರುವುದು ಆಮೇಲೆ, ಬಯಲಿನಲ್ಲಿ.

ನಮ್ಮ ಸೇನೆಯಲ್ಲಿ ಇದು ಮುಖ್ಯವಾಗಿ ಎಂಜಿನಿಯರ್‌ಗಳ ಕೆಲಸ. ಪುಣೆಯ ಕಾಲೇಜ್ ಆಫ್ ಮಿಲಿಟರಿ ಎಂಜಿನಿಯರಿಂಗ್‌ನಲ್ಲಿ ಇದನ್ನು ಕಲಿಸುತ್ತಾರೆ.

ಬಾಂಬ್ ಸೂಟ್ ಹಾಕಿಕೊಂಡು ಕೆಲಸ ಮಾಡುವುದೇ ಒಂದು ದೊಡ್ಡ ಪಾಠ. ಸೂಟ್ 30 ಕೆಜಿಗಿಂತ ಜಾಸ್ತಿ ತೂಗುತ್ತದೆ. ಬೆವರು ಕಣ್ಣಿಗಿಳಿದರೂ ಒರೆಸಿಕೊಳ್ಳಲು ಆಗುವುದಿಲ್ಲ. ಮೈಯೆಲ್ಲ ಮುಚ್ಚಿದ್ದರೂ ಕೈಗೆ ದಪ್ಪ ಕವಚ ಇರುವುದಿಲ್ಲ. ಬೆರಳು ಸಣ್ಣ ವೈರು ಹಿಡಿಯಬೇಕು, ಅಲ್ವಾ? ಅದರಲ್ಲೇ ಮಂಡಿಯೂರಿ ಕೂತು, ಎದ್ದು, ಮತ್ತೆ ಕೂತು ಅಭ್ಯಾಸ ಮಾಡುತ್ತಾರೆ.

ಸಿನಿಮಾದಲ್ಲಿ ತೋರಿಸುವ ಹಾಗೆ ಕೆಂಪು ವೈರಾ, ನೀಲಿ ವೈರಾ ಎಂದು ಕತ್ತರಿಸುವುದು ತೀರಾ ಕಡಿಮೆ. ಸಾಧ್ಯವಿದ್ದಷ್ಟೂ ದೂರದಿಂದಲೇ ಕೆಲಸ ಮುಗಿಸುವುದನ್ನು ಕಲಿಸುತ್ತಾರೆ. ನಮ್ಮ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒ ರೂಪಿಸಿದ 'ದಕ್ಷ್' ರೋಬೋ ಮೆಟ್ಟಿಲು ಹತ್ತುತ್ತದೆ, ಎಕ್ಸ್‌ರೇ ತೆಗೆಯುತ್ತದೆ, ರಭಸದ ನೀರು ಹೊಡೆದು ಬಾಂಬನ್ನು ಚದುರಿಸುತ್ತದೆ.

ಮೃತದೇಹದ ಕೆಳಗೆ, ಬಾಗಿಲ ಹಿಂದೆ ಅಡಗಿಸಿಟ್ಟ ಸ್ಫೋಟಕ ಹುಡುಕುವುದನ್ನೂ ಅಭ್ಯಾಸ ಮಾಡಿಸುತ್ತಾರೆ. 2016ರ ಜನವರಿಯಲ್ಲಿ ಪಂಜಾಬಿನ ಪಠಾಣ್‌ಕೋಟ್ ವಾಯುನೆಲೆಯ ಮೇಲೆ ದಾಳಿಯಾದಾಗ, ಸತ್ತ ಉಗ್ರನ ಮೈಮೇಲಿದ್ದ ಗ್ರೆನೇಡ್ ಸಿಡಿದು ತೀರಿಕೊಂಡ ಎನ್‌ಎಸ್‌ಜಿಯ (ರಾಷ್ಟ್ರೀಯ ಭದ್ರತಾ ಪಡೆ) ಲೆಫ್ಟಿನೆಂಟ್ ಕರ್ನಲ್ ನಿರಂಜನ್ ನಮ್ಮ ಬೆಂಗಳೂರಿನಲ್ಲೇ ಬೆಳೆದವರು. ಅವರು ಆ ಪಡೆಯ ಬಾಂಬ್ ನಿಷ್ಕ್ರಿಯ ದಳದಲ್ಲಿದ್ದರು.