ಮಂತ್ರವಾದಿ ಬಂದ ಮೇಲೆ ಒಳಸಂಚು ಸಪ್ಪೆಯಾಗುವುದೇಕೆ?

ಕೆಳದಿ ಅರಸರ ರಾಜಧಾನಿಯಾದ ಬಿದನೂರು 1763ರಲ್ಲಿ, ಇತಿಹಾಸಕ್ಕೆ ವಿರುದ್ಧವಾಗಿ, ಹೈದರಾಲಿಗೆ ದಕ್ಕದೆ ಹೋಯಿತೆಂದು ಕಲ್ಪಿಸುವ ನಿಮ್ಮ ಕಾದಂಬರಿಯಲ್ಲಿ, ಮೂರನೆಯ ಅಧ್ಯಾಯದಲ್ಲಿ ಬೇಕಲ ಕೋಟೆಗೆ ಮಂತ್ರವಾದಿ ಬಂದೊಡನೆ ಒಳಸಂಚು ಸಪ್ಪೆಯಾಗುವುದಕ್ಕೆ ಕಾರಣ, ಬಹುಶಃ, ಅವನ ಮಂತ್ರಕ್ಕೆ ಬೆಲೆಯೂ ಇಲ್ಲ, ಗಡಿಯೂ ಇಲ್ಲ ಎಂಬುದೇ. ಎಲ್ಲರ ಮನಸ್ಸನ್ನೂ ಓದಬಲ್ಲವನಿರುವ ಆಸ್ಥಾನದಲ್ಲಿ ಗುಟ್ಟು ಉಳಿಯುವುದಾದರೂ ಎಲ್ಲಿ? ನನ್ನ ಹಸ್ತಪ್ರತಿಯೂ ಇಲ್ಲಿಯೇ ಮುಗ್ಗರಿಸಿತ್ತು.

ಮೊದಲು ಗಡಿಯನ್ನು ಗೊತ್ತುಮಾಡಿ. ತುಳುನಾಡಿಗೂ ಮಲೆಯಾಳಕ್ಕೂ ಚಂದ್ರಗಿರಿ ಹೊಳೆಯೇ ಎಲ್ಲೆ ಎಂಬುದು ನಮ್ಮಲ್ಲಿ ಹಳೆಯ ಮಾತು. ಹೊಳೆಯ ಬಡಗು ದಡದಲ್ಲಿ ಸಿದ್ಧಿಸಿದ ಮಂತ್ರವು ತೆಂಕಣ ಬೇಕಲದಲ್ಲಿ ಅರೆಬರೆಯಾಗಿ ಫಲಿಸುವುದಾದರೆ, ದೋಣಿ ನಡೆಸುವವನೂ ರಾಜಕಾರಣದ ಪಾತ್ರಧಾರಿಯಾಗುತ್ತಾನೆ. ಅನಂತರ ಮಂತ್ರಕ್ಕೆ ಬೆಲೆ ಕಟ್ಟಿ, ಅದನ್ನು ಲೆಕ್ಕಕ್ಕೆ ತನ್ನಿ: ಕೋಟೆಯ ಕಡತದಲ್ಲಿ (ಕಪ್ಪು ಲೇಪದ ಬಟ್ಟೆಯ ಲೆಕ್ಕದ ಪುಸ್ತಕದಲ್ಲಿ) ಶಾನುಭಾಗನು ಬಳಪದಿಂದ "ಹೋಮಕ್ಕೆ ಏಳು ಮುಡಿ ಅಕ್ಕಿ" ಎಂದು ಬರೆದ ಒಂದೇ ಸಾಲು, ಕದ್ದು ಓದಿದ ಎದುರಾಳಿಗೆ ಬೇಕಾದುದನ್ನೆಲ್ಲ ತಿಳಿಸುತ್ತದೆ. (ನನಗಂತೂ ಇದು ಹತ್ತು ಪುಟಗಳ ಸಂಭಾಷಣೆಯನ್ನು ಉಳಿಸಿತು.) ಇಷ್ಟಾದ ಮೇಲೆ ಆ ಅಧ್ಯಾಯವನ್ನು ಮಂತ್ರವಾದಿಯ ಕಣ್ಣಿನಿಂದಲ್ಲ, ಶಾನುಭಾಗನ ಕಣ್ಣಿನಿಂದ ತಿದ್ದಿ ಬರೆಯಿರಿ.

ಬಿದನೂರಿನ ಅರಮನೆಯ ದೃಶ್ಯಗಳಿಗೂ ಈ ಉಪಾಯ ಸಾಕಾದೀತೇ ಎಂಬುದನ್ನು ಹಸ್ತಪ್ರತಿ ನೋಡದೆ ಹೇಳಲಾರೆ. ಬೇಕಲದ ಭಾಗವನ್ನು ಮೊದಲು ಸರಿಪಡಿಸಿಕೊಳ್ಳಿ.